ಹುಳಿಯಾಗಲೊಲ್ಲದ ಚಹಾ

ಕಾಯುವುದು ನನ್ನಿಂದಾಗದ ಕೆಲಸ ಎಂಬುದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಕುಕ್ಕರ್ ಮೂರನೇ ಸೀಟಿ ಹೊಡೆಯುವ ಮೊದಲೇ ಒಲೆ ಆರಿಸಿ, ಬೇಯಲಿಲ್ಲವೆಂದು ಬೇಳೆಯನ್ನೇ ಬೈಯುವವಳು ನಾನು. ಬೀಜ ಊರಿದ ಮೂರನೇ ದಿನ ಮಣ್ಣು ಕೆದಕಿ ಮೊಳಕೆ ಬಂದಿದೆಯೇ ಎಂದು ನೋಡುತ್ತೇನೆ. ತಾಳವಾಡಿಯ ಶಾಲೆಯಲ್ಲಿ ವಿಜ್ಞಾನ ಪಾಠ ಮಾಡುತ್ತೇನಾದರೂ, ಪ್ರಶ್ನೆ ಕೇಳಿ ಮಕ್ಕಳು ಬಾಯಿ ತೆರೆಯುವಷ್ಟರಲ್ಲಿ ಉತ್ತರವನ್ನೂ ನಾನೇ ಹೇಳಿ ಮುಗಿಸಿರುತ್ತೇನೆ. ಇಂಥವಳು ಎರಡು ವಾರ ಮುಟ್ಟದೆ ಬಿಡಬೇಕಾದ ಪದಾರ್ಥವೊಂದನ್ನು ಮನೆಗೆ ತಂದಿಟ್ಟುಕೊಂಡದ್ದೇ ತಪ್ಪು.

ಪದಾರ್ಥದ ಹೆಸರು ಕೊಂಬುಚಾ. ಸಕ್ಕರೆ ಹಾಕಿ ತಣಿಸಿದ ಚಹಾದೊಳಗೆ, ನೆನೆದ ದೋಸೆಯಂತೆ ಕಾಣುವ ಬಿಳಿ ಪೊರೆಯೊಂದನ್ನೂ ಹಿಂದಿನ ಸಲ ಮಾಡಿಟ್ಟ ಸ್ವಲ್ಪ ಹಳೆಯ ಹುಳಿಯನ್ನೂ ಹೆಪ್ಪು ಹಾಕಿದ ಹಾಗೆ ಬಿಟ್ಟು, ಜಾಡಿಯ ಬಾಯಿಗೆ ಬಟ್ಟೆ ಕಟ್ಟಿಟ್ಟರೆ ಎರಡು ವಾರಕ್ಕೆ ಹುಳಿಹುಳಿಯಾದ ಪಾನೀಯ ಸಿದ್ಧ. ಚಾಮರಾಜನಗರದಲ್ಲಿರುವ ನಾದಿನಿ ಪೊರೆಯನ್ನೂ ಒಂದು ಬಾಟಲಿ ಹಳೆಯ ಹುಳಿಯನ್ನೂ ಕೊಟ್ಟಳು. "ಎರಡ್ ವಾರ ಬುಟ್ಟು ಭಾನ್ವಾರ ಬತ್ತೀನಿ ಅತ್ಗೆ, ರುಚಿ ನೋಡ್ತೀನಿ" ಎಂದು ಗಡುವನ್ನೂ ಕೊಟ್ಟಳು.

ನನಗೆ ಆ ಹುಳಿ ಬೇಕಾಗಿದ್ದು ಆರೋಗ್ಯಕ್ಕಲ್ಲ. ದೊಡ್ಡಗಾಜನೂರಿನ ನಮ್ಮ ಬೀದಿಯಲ್ಲಿ ಯಾರಿಗೆ ಹೆಪ್ಪು ಬೇಕಾದರೂ ಲೋಟ ಹಿಡಿದು ಬರುವುದು ನಮ್ಮ ಅತ್ತೆಯ ಹತ್ತಿರ. ಅವರ ಕೈಗುಣ ಅಂಥದ್ದು. ನಾನು ಮದುವೆಯಾಗಿ ಬಂದ ಹೊಸದರಲ್ಲಿ ಎರಡು ಸಲ ಹೆಪ್ಪು ಹಾಕಿದೆ; ಗಳಿಗೆಗೊಮ್ಮೆ ಅಲ್ಲಾಡಿಸಿ ನೋಡಿ ಎರಡು ಸಲವೂ ಹಾಲನ್ನು ಕೆಡಿಸಿದೆ. ಅಂದಿನಿಂದ ಹನ್ನೊಂದು ವರ್ಷ ಹೆಪ್ಪಿನ ಪಾತ್ರೆ ನನ್ನ ಕೈಗೆ ಬಂದಿಲ್ಲ. ಯಾರೂ ಒಂದು ಮಾತೂ ಆಡಲಿಲ್ಲ, ಅದೇ ನನಗೆ ಉರಿ. ಈ ಮನೆಯಲ್ಲಿ ನನ್ನ ಕೈಯಿಂದಲೂ ಏನಾದರೊಂದು ಹುಳಿಯಾಗಲೇಬೇಕು ಎಂದು ಹಟ ಹಿಡಿದೆ.

ವಾರ ಕಳೆದರೂ ಚಹಾ ಸಿಹಿಯಾಗಿಯೇ ಇತ್ತು. ನಾದಿನಿಗೆ ಫೋನು ಮಾಡಿದೆ. "ಚಳಿಗ ಅಂಗಾಯ್ತದ, ಬೆಚ್ಚಗ ಮಡುಗಿ" ಎಂದಳು. ಜಾಡಿ ಒಲೆಯ ಪಕ್ಕಕ್ಕೆ ಬಂತು, ಅಲ್ಲಿಂದ ಜಗಲಿಯ ಬಿಸಿಲಿಗೆ ಹೋಯಿತು, ಸಂಜೆಗೆ ನನ್ನ ಗಂಡನ ಸ್ವೆಟರ್ ತೊಟ್ಟು ಕುಳಿತಿತು. ಹಳೆಯ ಹುಳಿ ಸಾಲದಿರಬಹುದೆಂದು ಅವಳು ಬಸ್ಸಿನಲ್ಲಿ ಇನ್ನೊಂದು ಬಾಟಲಿ ಕಳಿಸಿದಳು, ಅದನ್ನೂ ಸುರಿದೆ. ನೀರಿಗೆ ಔಷಧಿ ಹಾಕಿರುತ್ತಾರೆಯೇ ಎಂದು ಕೇಳಿದಳು. ನಮ್ಮದು ಸ್ವಂತ ಬಾವಿ. ಏಲಕ್ಕಿ ಹಾಕಿದ ಚಹಾಪುಡಿಯೇ? ಅದೂ ಅಲ್ಲ. ಕೊನೆಗೆ, "ಒಸಿ ಸುಮ್ನ ಬುಟ್ಬುಡಿ ಅತ್ಗೆ" ಎಂದಳು. ಅದೊಂದು ಮಾತ್ರ ನನಗೆ ಕೇಳಿಸಲಿಲ್ಲ. ದಿನಕ್ಕೆ ಆರು ಸಲ ಬಟ್ಟೆ ಬಿಚ್ಚಿ, ಚಮಚದಲ್ಲಿ ತೆಗೆದು ರುಚಿ ನೋಡುತ್ತಿದ್ದೆ.

ಶಾಲೆಯಲ್ಲೂ ಇದೇ ಧ್ಯಾನ. ಅಲ್ಲಿ ಅಡುಗೆ ಮಾಡುವ, ಕಾಡಂಚಿನ ತಿಗನಾರೆ ಊರಿನ ಹೆಂಗಸಿನ ಹತ್ತಿರ ಗೋಳು ತೋಡಿಕೊಂಡೆ. "ರಾಗಿ ಕಾಯಕ್ಕ ಅಂತ ಅಟ್ಟಣೆ ಮೇಲ ಕಣ್ ಬುಟ್ಕಂಡು ಕುಂತಿರಗಂಟ ಆನೆ ಒಲಕ್ಕ ಬರದಿಲ್ಲ ಟೀಚರ್. ಒಸಿ ಕಣ್ ಮುಚ್ಚುದ್ರ ರಾಗಿ ತಿಂದ್ಕಂಡು ಓಗಿರ್ತದ. ನಿಮ್ ಟೀನೂ ಅಂಗೇ, ಕಣ್ ಮುಚ್ಕಳಿ" ಎಂದಳು. ನಾನು ಕಣ್ಣು ಮುಚ್ಚುವ ಬದಲು ಲಿಟ್ಮಸ್ ಕಾಗದ ತಂದೆ. ಚಹಾದಲ್ಲಿ ಅದ್ದಿದರೆ ನೀಲಿ ಕಾಗದ ನೀಲಿಯಾಗಿಯೇ ಉಳಿಯಿತು. ಅಂದರೆ, ಎರಡು ಬಾಟಲಿ ಹುಳಿ ಸುರಿದರೂ ಜಾಡಿಯಲ್ಲಿ ಹುಳಿಯೇ ಇಲ್ಲ! ಕಾಗದವೇ ಕೆಟ್ಟಿರಬೇಕೆಂದು ನಿಂಬೆರಸಕ್ಕೆ ಅದ್ದಿದೆ, ತಕ್ಷಣ ಕೆಂಪಾಯಿತು. ಜಾಡಿಯ ತಳದಲ್ಲಿ ಬೂದುಬಣ್ಣದ ಗಸಿಯೊಂದು ಕೂತಿತ್ತು. ಅದನ್ನು ನೋಡಿಯೂ, ಪೊರೆ ಬೆಳೆಯುತ್ತಿರಬೇಕೆಂದು ಖುಷಿಪಟ್ಟೆ. ವಿಜ್ಞಾನದ ಟೀಚರು!

ನಾದಿನಿ ಬರುವುದಕ್ಕೆ ಒಂದೇ ದಿನ ಉಳಿದಿತ್ತು. ಶನಿವಾರ ಬೆಳಗ್ಗೆ ರಜೆಯಿದ್ದುದರಿಂದ ನಾನು ಅಡುಗೆಮನೆಯಲ್ಲೇ ಇದ್ದೆ. ಪೂಜೆ ಮುಗಿಸಿ ಬಂದ ಅತ್ತೆ, ನಾನು ಇರುವುದನ್ನು ಗಮನಿಸದೆ, ನೇರವಾಗಿ ಜಾಡಿಯ ಬಳಿ ಹೋಗಿ ಬಟ್ಟೆ ಸರಿಸಿ, ಚಿಟಿಕೆ ವಿಭೂತಿಯನ್ನು ಒಳಗೆ ಉದುರಿಸಿ ಕಣ್ಣು ಮುಚ್ಚಿ ನಿಂತರು.

"ಅತ್ತೆ! ದಿನಾ ಆಕ್ತಿದ್ರಾ ಇದುನ್ನ?" ಎಂದು ಕೂಗಿದೆ. ವಿಭೂತಿಯೆಂದರೆ ಬೂದಿ, ಬೂದಿ ಹುಳಿಯನ್ನು ಮುರಿಯುತ್ತದೆ, ಆಮ್ಲಕ್ಕೆ ಪ್ರತ್ಯಾಮ್ಲ ಸೇರಿದರೆ ಹೀಗೆ ಹೀಗಾಗುತ್ತದೆ ಎಂದು ಪಾಠವನ್ನೆಲ್ಲ ಕೈ ಆಡಿಸಿಕೊಂಡು ಅಲ್ಲೇ ಒಪ್ಪಿಸಿದೆ. ನಿಜ ಹೇಳುತ್ತೇನೆ, ಒಳಗೊಳಗೆ ಹಬ್ಬವಾಗಿತ್ತು. ಹನ್ನೊಂದು ವರ್ಷಕ್ಕೆ ಅತ್ತೆಯದೊಂದು ತಪ್ಪು ಕೈಗೆ ಸಿಕ್ಕಿತ್ತು. "ದೇವ್ರ ಕೈಲಿ ಹೇಳ್ಸುದ್ರ ಟೀ ಬೇಗ ಹುಳಿಯಾಯ್ತದ ಅಂದ್ಕಂಡ್ರಾ?" ಎಂದೂ ಕೇಳಿದೆ.

"ಟೀಗಲ್ಲ ಕಣ ಕೂಸೇ," ಎಂದರು ಅತ್ತೆ. "ಟೀಗ ಯಾನಾಗದ? ಅದು ಸುಮ್ನ ಕುಂತದ. ನೀನು ಎರಡ್ ವಾರದಿಂದ ನಿಂತಲ್ಲಿ ನಿಂತಿಲ್ಲ, ಕುಂತಲ್ಲಿ ಕುಂತಿಲ್ಲ. ಅಣೆಗ ಇಬೂತಿ ಇಕ್ತೀನಿ ಬಾ ಅಂದ್ರ ಬಸ್ಸು ಓಯ್ತದ ಅಂತ ಓಡ್ಬುಟ್ಟಯ್. ದಿನಕ್ಕ ಆರ್ ಸಲ ಇದುನ್ನೇ ಬಾಯ್ಗ ಬುಟ್ಕತೀಯಲ್ಲ, ಇದ್ರೊಳಕ ಆಕುದ್ರ ಒಟ್ಟೆಗಾದ್ರೂ ಓಗ್ಲಿ, ನಿಂಗ ಒಸಿ ನೆಮ್ದಿಯಾಗ್ಲಿ ಅಂತ ಆಕ್ದಿ."

ನಾಚಿಕೆಯಾಯಿತು, ಅಳುವೂ ಬಂತು. ಈರುಳ್ಳಿ ಹೆಚ್ಚಲು ಕುಳಿತೆ.

ಭಾನುವಾರ ನಾದಿನಿ ಬಂದಳು. ಒಂದು ಗುಟುಕು ಕುಡಿದು, "ಇದ್ಯಾನತ್ಗೆ, ಬರೀ ಪಾನಕ! ಯಾರ್ ಕೈ ಇಟ್ರು ಇದುಕ್ಕ?" ಎಂದಳು. ಅಕ್ಕಿ ಆರಿಸುತ್ತಿದ್ದ ಅತ್ತೆಯ ಕೈ ನಿಂತಿತು.

"ನಾನೇ," ಎಂದೆ. "ಸುಮ್ನ ಬುಡು ಅಂದ್ರೂ ಬುಡ್ನಿಲ್ಲ."

ಅತ್ತೆಯ ಕೈ ಮತ್ತೆ ಮೊರದಲ್ಲಿ ಆಡತೊಡಗಿತು. ಕೆಟ್ಟ ಚಹಾವನ್ನು ತೆಂಗಿನ ಬುಡಕ್ಕೆ ಸುರಿದೆವು. ನಾದಿನಿ ತಂದಿದ್ದ ಹೊಸ ಪೊರೆ ಹಾಕಿ ಹೊಸ ಜಾಡಿ ಕಟ್ಟಿ, ಅತ್ತೆ ಅದನ್ನು ನನ್ನ ಕೈಗೆ ಎಟುಕದಷ್ಟು ಎತ್ತರದ ಅಟ್ಟಕ್ಕೆ ಏರಿಸಿದ್ದಾರೆ. ನಾನೀಗ ಬೆಳಗ್ಗೆ ಬಸ್ಸಿಗೆ ಹೊರಡುವ ಮುಂಚೆ ಅವರ ಮುಂದೆ ನಿಂತು ವಿಭೂತಿಗೆ ಹಣೆ ಒಡ್ಡುತ್ತೇನೆ. ಅರ್ಧ ನಿಮಿಷ ಅಲುಗಾಡದೆ ನಿಲ್ಲಬೇಕು, ಅಷ್ಟೇ. ನನ್ನ ಕಣ್ಣು ಆಗಲೂ ಅಟ್ಟದ ಕಡೆಗೇ ಹೋಗುತ್ತದೆ. ಅತ್ತೆ ಗದ್ದ ಹಿಡಿದು ನನ್ನ ಮುಖವನ್ನು ತಮ್ಮ ಕಡೆಗೆ ತಿರುಗಿಸಿಕೊಳ್ಳುತ್ತಾರೆ.