ಸಿಸ್ಟರಮ್ಮ ಊರಿಗೆ ಹೊರಟಿದ್ದು

ದವಾಖಾನೆಯಲ್ಲಿ ಕೆಲಸ ಮಾಡುವವರು ನಗುವನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಅದೇ ಟೋಕನ್ ಹಿಡಿದುಕೊಂಡು ಬಂದು ಬೆಂಚಿನ ಮೇಲೆ ಕೂತಿರುತ್ತದೆ. ಹಲಸೂರು ಕೆರೆ ಹಿಂದಿನ ಗಲ್ಲಿಯಲ್ಲಿದ್ದ ಮಿಷನ್ ದವಾಖಾನೆಯಲ್ಲಿ ನಾನು ಹದಿನೆಂಟು ವರ್ಷ ನರ್ಸಾಗಿದ್ದೆ. ಅದನ್ನು ನಡೆಸುತ್ತಿದ್ದವರು ಐರ್ಲೆಂಡಿನಿಂದ ಬಂದಿದ್ದ ಒಬ್ಬ ಕ್ರೈಸ್ತ ಸನ್ಯಾಸಿನಿ, ಸಿಸ್ಟರು. ಬಂದಾಗ ಇಪ್ಪತ್ತಾರು ವಯಸ್ಸಂತೆ. ನಾನು ನೋಡುವ ಹೊತ್ತಿಗೆ ತಲೆ ಪೂರ್ತಿ ಬೆಳ್ಳಗಾಗಿತ್ತು. ಕನ್ನಡ ಕಲಿತಿದ್ದು ಯಾವ ಮೇಷ್ಟ್ರ ಹತ್ತಿರವೂ ಅಲ್ಲ, ಔಷಧಿಗೆ ಸಾಲು ನಿಂತ ತರಕಾರಿ ಮಾರುವ ಹೆಂಗಸರ ಹತ್ತಿರ. ಹಾಗಾಗಿ ಅವರು ಬೈದರೆ ಅಪ್ಪಟ ಹಲಸೂರು ಸಂತೆಯೇ ಬೈದ ಹಾಗಿರುತ್ತಿತ್ತು. ಊರೆಲ್ಲ ಅವರನ್ನು ಸಿಸ್ಟರಮ್ಮ ಅನ್ನುತ್ತಿತ್ತು.

ಅವರಿಗೆ ಎಪ್ಪತ್ತಾದ ವರ್ಷ ಐರ್ಲೆಂಡಿನಲ್ಲಿದ್ದ ಅವರ ಮಠದಿಂದ ಒಂದು ಕಾಗದ ಬಂತು. 'ವಯಸ್ಸಾಯಿತು, ಆರು ತಿಂಗಳಲ್ಲಿ ಕೆಲಸ ಒಪ್ಪಿಸಿ ವಾಪಸ್ ಬನ್ನಿ' ಅಂತ. ಸಿಸ್ಟರಮ್ಮ ಓದಿದರು, ಮಡಚಿ ಕನ್ನಡಕದ ಡಬ್ಬಿಯೊಳಗಿಟ್ಟರು, "ಮುಂದಿನವರು ಬನ್ನಿ" ಅಂತ ಕೂಗಿದರು. ಅಷ್ಟೇ. ನಾನು ಮಾತ್ರ ಔಷಧಿ ಕೋಣೆಗೆ ಹೋಗಿ ಅತ್ತೆ. ಆ ಆರು ತಿಂಗಳಲ್ಲಿ, ಆಮೇಲೂ ಸ್ವಲ್ಪ ದಿನ ನಡೆದದ್ದನ್ನೇ ಇಲ್ಲಿ ಹೇಳುತ್ತಿದ್ದೇನೆ.

ಟೋಕನ್ ಮೂವತ್ತೇಳು

ನಮ್ಮ ಕಡೆ ಒಬ್ಬ ದೊಡ್ಡ ರೌಡಿ ಇದ್ದ. ಹೆಸರು ಬೇಡ. ಅವನು ಬೀದಿಗೆ ಬಂದರೆ ಅಂಗಡಿಯವರು ಷಟರ್ ಎಳೆಯುತ್ತಿದ್ದರು. ಒಂದು ದಿನ ಮಧ್ಯಾಹ್ನ ನಾಲ್ಕು ಜನರನ್ನು ಕಟ್ಟಿಕೊಂಡು ನಮ್ಮಲ್ಲಿಗೇ ಬಂದ. ತುಕ್ಕು ತಗಡು ತಗುಲಿ ಅಂಗೈ ಸೀಳಿತ್ತು. ಬೆಂಚಿನ ಮೇಲಿದ್ದವರೆಲ್ಲ ಎದ್ದು ನಿಂತರು.

"ಸಿಸ್ಟರ್, ಇವರನ್ನ ಮೊದಲು ನೋಡ್ಬಿಡಿ" ಅಂದೆ.

ಅವರು ಕನ್ನಡಕದ ಮೇಲಿಂದ ಅವನನ್ನು ನೋಡಿದರು. "ಜೀವ ಹೋಗ್ತಾ ಇದೆಯೇನಪ್ಪಾ?"

"ಇಲ್ಲ" ಅಂದ.

"ಹಾಗಾದ್ರೆ ಟೋಕನ್ ತಗೊಂಡು ಕೂತ್ಕೋ."

ನಾನು ದೇವರನ್ನು ನೆನೆಸಿಕೊಂಡೆ. ಆದರೆ ಅವನು ಮೂವತ್ತೇಳನೇ ಟೋಕನ್ ತೆಗೆದುಕೊಂಡ, ಕೈಗೆ ಬಟ್ಟೆ ಸುತ್ತಿಕೊಂಡ, ಕೂತ. ಎರಡು ಗಂಟೆ ಕೂತ! ನಡುವೆ ಯಾರೋ ಒಬ್ಬ ತಾಯಿ, "ಸ್ವಲ್ಪ ಹಿಡ್ಕೊಳ್ಳಣ್ಣ" ಅಂತ ಮಗುವನ್ನು ಅವನ ತೊಡೆ ಮೇಲೆ ಕೂರಿಸಿ ಔಷಧಿ ತರಲು ಹೋದಳು. ಅದನ್ನೂ ಹಿಡಿದುಕೊಂಡ.

ಅವನ ಸರದಿ ಬಂತು. ಸೂಜಿ ಚುಚ್ಚಿದ್ದೇ ತಡ, "ಅಯ್ಯೋ ಅಮ್ಮಾ" ಅಂತ ಕಿರುಚಿದ ಸದ್ದು ಬೀದಿಗೆಲ್ಲ ಕೇಳಿಸಿತು. ಹೊರಗಿದ್ದ ನಾಲ್ವರೂ ಒಳಗೆ ನುಗ್ಗಿದರು. "ಯಾರೋ ಅದು, ಅಣ್ಣಂಗೆ ಏನ್ ಮಾಡಿದ್ದು?"

ಸಿಸ್ಟರಮ್ಮ ಸೂಜಿ ಹಿಡಿದೇ ತಿರುಗಿದರು. "ನಾನೇ. ನಿಮಗೂ ಬೇಕಾ? ಹೋಗಿ ಟೋಕನ್ ತಗೊಳ್ಳಿ."

ಬಂದ ಉದ್ದೇಶ

ದೇಶ ಬಿಡಬೇಕಾದರೂ ಕಾಗದಪತ್ರ ಬೇಕು. ನಾನೂ ಅವರ ಜೊತೆ ಕಚೇರಿಗೆ ಹೋದೆ. ಅಲ್ಲಿದ್ದ ಆಫೀಸರಿಗೆ ಮೂವತ್ತು ವಯಸ್ಸಿರಬಹುದು. ಪರದೇಶದವರಿಗೆಲ್ಲ ಕಿವುಡು ಅಂದುಕೊಂಡಿದ್ದನೋ ಏನೋ, "ಮೇಡಂ... ಪ್ಲೀಸ್... ಸಿಟ್... ಹಿಯರ್" ಅಂತ ಒಂದೊಂದೇ ಮಾತನ್ನು ಕೂಗಿ ಹೇಳಿದ.

"ಕೂತ್ಕೋತೀನಿ ಬಿಡಪ್ಪಾ, ಕಿವಿ ಚೆನ್ನಾಗೇ ಕೇಳ್ಸುತ್ತೆ" ಅಂದರು ಸಿಸ್ಟರಮ್ಮ.

ಅವನ ಪೆನ್ನು ನಿಂತಿತು. "ಕನ್ನಡ ಎಲ್ಲಿ ಕಲಿತ್ರಿ ಮೇಡಂ?"

"ಹಲಸೂರಲ್ಲಿ. ದವಾಖಾನೇಲಿ."

ಆಫೀಸರು ಕುರ್ಚಿಯಿಂದ ಮೆಲ್ಲಗೆ ಎದ್ದ. "ಕೆರೆ ಹಿಂದೆ ಇರೋದಾ? ನಮ್ಮದು ದೊಡ್ಡನೆಕ್ಕುಂದಿ. ಹೆರಿಗೆ ಕಷ್ಟ ಆಗಿ ನಮ್ಮಮ್ಮನ್ನ ಎತ್ತಿನ ಗಾಡೀಲಿ ಅಲ್ಲಿಗೇ ತಂದಿದ್ರಂತೆ. ನಾನು ಕಾಲು ಮುಂದಾಗಿ ಬಂದೆನಂತೆ. ಬಿಳೀ ಸಿಸ್ಟರು ಇಲ್ದಿದ್ರೆ ಇಬ್ರೂ ಉಳೀತಿರಲಿಲ್ಲ ಅಂತ ಅಮ್ಮ ಈಗ್ಲೂ ಹೇಳ್ತಾರೆ."

ಸಿಸ್ಟರಮ್ಮ ಅವನನ್ನು ಮೇಲಿಂದ ಕೆಳಗಿನವರೆಗೆ ನೋಡಿದರು. "ಗಾಡೀಲಿ ಬಂದವಳು... ಹೌದು. ಬಲಗಾಲು ಮೊದಲು ಬಂತು. ನನ್ನ ಕೈಗೇ ಒದ್ದೆ ನೀನು."

ಕಚೇರಿಯಲ್ಲಿ ಟೈಪ್ ಮಾಡುತ್ತಿದ್ದವರೂ ನಿಲ್ಲಿಸಿದರು. ಸಾವಿರಾರು ಹೆರಿಗೆ ಮಾಡಿಸಿದ ಕೈ, ಒಂದು ಪುಟ್ಟ ಕಾಲನ್ನು ಮರೆತಿರಲಿಲ್ಲ! ಅವನು ಮೇಜು ಸುತ್ತಿ ಬಂದು ಅವರ ಪಾದ ಮುಟ್ಟಿದ, ಕಣ್ಣೊರೆಸಿಕೊಂಡು ಮತ್ತೆ ಕೂತ. ಸರ್ಕಾರಿ ಫಾರಂ ಅಲ್ಲವೇ, ತುಂಬಲೇಬೇಕು.

"ಒಂದು ಕಾಲಂ ಉಳಿದಿದೆ ಅಮ್ಮ. ಭಾರತಕ್ಕೆ ಬಂದ ಉದ್ದೇಶ?"

"ನಿನ್ನ ಹೊರಗೆ ಎಳೆಯೋಕೆ ಅಂತ ಬರ್ಕೋ."

ಲಗೇಜು

ವಿಷಯ ಹರಡಿತು. ದಿನಾ ಒಬ್ಬರಲ್ಲ ಒಬ್ಬರು ಏನಾದರೂ ತಂದುಕೊಡುವರು. ಸೀರೆ, ಉಪ್ಪಿನಕಾಯಿ, ಶಿವಾಜಿನಗರದ ಅತ್ತರು. ವಿಮಾನದಲ್ಲಿ ಇಷ್ಟೇ ತೂಕ ಅಂತ ನಾನು ಬಾಗಿಲಲ್ಲಿ ನಿಂತು ಬೇಡಿಕೊಳ್ಳುತ್ತಿದ್ದೆ. ಒಂದು ಬೆಳಿಗ್ಗೆ ಹೂವು ಮಾರುವ ಅಜ್ಜಿಯೊಬ್ಬಳು ಆಟೋದಿಂದ ಇಳಿದಳು. ಹಿಂದೆಯೇ ಇಬ್ಬರು ಗಂಡಸರು ಏದುಸಿರು ಬಿಡುತ್ತಾ ರುಬ್ಬುಗುಂಡಿನ ಸಮೇತ ಒರಳುಕಲ್ಲು ಇಳಿಸಿದರು.

"ಅಜ್ಜೀ, ಇದನ್ನ ವಿಮಾನದಲ್ಲಿ ಒಯ್ಯೋಕೆ ಆಗುತ್ತಾ?" ಅಂದೆ.

ಅಜ್ಜಿ ನನ್ನನ್ನು ದಡ್ಡಿಯನ್ನು ನೋಡಿದ ಹಾಗೆ ನೋಡಿದಳು. "ಮತ್ತೆ ಅಲ್ಲಿ ಕರೆಂಟು ಹೋದ್ರೆ ಸಿಸ್ಟರಮ್ಮ ಯಾತರಲ್ಲಿ ರುಬ್ಬಬೇಕು?"

ಬ್ಯಾನರು

ಬೀಳ್ಕೊಡುಗೆ ಸಭೆ. ಶಾಲೆಯ ಮೈದಾನದಲ್ಲಿ ಶಾಮಿಯಾನ. ಬ್ಯಾನರ್ ಬರೆಯಲು ಗಲ್ಲಿಯ ಪೇಂಟರಿಗೆ ಹೇಳಿದ್ದರು. ಪಾಪ, ಅವನಿಗೆ ಬರುತ್ತಿದ್ದ ಕೆಲಸ ಹೆಚ್ಚಾಗಿ ಒಂದೇ ಥರದ್ದು. ಬಟ್ಟೆ ಬಿಚ್ಚಿ ಕಟ್ಟಿದಾಗ ಇಷ್ಟು ದಪ್ಪ ಅಕ್ಷರ: 'ಸಿಸ್ಟರಮ್ಮನವರಿಗೆ ಭಾವಪೂರ್ಣ ಶ್ರದ್ಧಾಂಜಲಿ.'

ಫ್ರೇಜರ್ ಟೌನಿನ ಒಬ್ಬ ಬೀಬಿ "ಯಾ ಅಲ್ಲಾ" ಅಂತ ಬಾಯಿ ಮುಚ್ಚಿಕೊಂಡರು. ಯಾರೋ ಹಗ್ಗ ಬಿಚ್ಚಲು ಓಡಿದರು. ಕನ್ನಡ ಓದಲು ಬರುತ್ತಿದ್ದ ಸಿಸ್ಟರಮ್ಮ ಅದನ್ನು ಎರಡು ಸಲ ಓದಿ ಮೈಕ್ ಹಿಡಿದರು. "ಇರ್ಲಿ ಬಿಡಿ. ಸತ್ತ ಮೇಲೆ ಜನ ಏನ್ ಹೇಳ್ತಾರೆ ಅಂತ ಕೂತು ಕೇಳೋ ಭಾಗ್ಯ ಯಾರಿಗಿದೆ? ಹೇಳಿ, ಹೇಳಿ."

ಜನ ಹೇಳಿದರು. ಭಾಷಣ ಮಾಡಬೇಕಿದ್ದ ದೊಡ್ಡವರೆಲ್ಲ ಸುಮ್ಮನೆ ಕೂರಬೇಕಾಯಿತು. ಬೀಬಿ, ಹಿಂದೊಮ್ಮೆ ಗಲಭೆಯಾದ ದಿನ ಈಕೆ ಒಬ್ಬರೇ ಸೈಕಲ್ ತುಳಿದುಕೊಂಡು ತಮ್ಮ ಬೀದಿಗೆ ಬಂದು ಮಗುವಿನ ಜ್ವರ ನೋಡಿದ್ದನ್ನು ಹೇಳಿದರು. ಕೆ.ಆರ್. ಪುರದ ಗೌಡರೊಬ್ಬರು, ಇವರು ತಮಗೆ ರಕ್ತ ಕೊಟ್ಟು ಅದೇ ಸಂಜೆ ಬೇರೊಬ್ಬಳ ಹೆರಿಗೆ ಮಾಡಿಸಿದ್ದನ್ನು ಹೇಳಿದರು. ಹದಿನೆಂಟು ವರ್ಷ ಪಕ್ಕದಲ್ಲಿದ್ದ ನನಗೆ ಇದರಲ್ಲಿ ಅರ್ಧವೂ ಗೊತ್ತಿರಲಿಲ್ಲ.

ಮುಗಿದ ಮೇಲೆ ಪೇಂಟರು ಕೈಮುಗಿದುಕೊಂಡು ಬಂದ. "ತಪ್ಪಾಯ್ತಮ್ಮಾ, ಹರಿದು ಹಾಕ್ಬಿಡ್ತೀನಿ."

"ಹರೀಬೇಡ್ವೋ, ಒಳ್ಳೇ ಬಟ್ಟೆ. ಎತ್ತಿಡು. ಹೇಗಿದ್ರೂ ಬೇಕಾಗುತ್ತೆ."

ಫೋನು

ಹೋದರು. ಎರಡು ತಿಂಗಳು ಸುದ್ದಿಯಿಲ್ಲ. ಅಲ್ಲಿ ಯಾರ ಜೊತೆ ಮಾತಾಡುತ್ತಾರೋ, ಕೊರಗಿಬಿಟ್ಟರೋ ಅಂತ ನನಗೆ ಊಟ ಸೇರುತ್ತಿರಲಿಲ್ಲ. ಒಂದು ಮಧ್ಯಾಹ್ನ ದವಾಖಾನೆಯ ಫೋನ್ ಬಡಿದುಕೊಂಡಿತು. "ಏನೇ, ಬದುಕಿದ್ದೀಯಾ?" ಅವರೇ! ನಗುತ್ತಾ ನಗುತ್ತಾ ಹೇಳಿದ್ದು ಇದು.

ಹೋದ ಹೊಸದರಲ್ಲಿ, ವಯಸ್ಸಾದ ಸಿಸ್ಟರುಗಳ ಮನೆಯಲ್ಲಿ, ಒಂದು ಬೆಳಿಗ್ಗೆ ನರ್ಸು ಎಬ್ಬಿಸಿ ಕಾಫಿ ಕೊಟ್ಟಳಂತೆ. ಅರೆನಿದ್ದೆಯಲ್ಲಿ ಒಂದು ಗುಟುಕು ಕುಡಿದ ಇವರು ಸಂತೆಯ ದನಿಯಲ್ಲಿ ಶುರುಮಾಡಿದರಂತೆ. "ಇದೇನಮ್ಮಾ, ಕಾಫಿನಾ ಕಲಗಚ್ಚಾ? ಎಮ್ಮೆ ಮುಂದೆ ಇಟ್ರೆ ಎಮ್ಮೇನೂ ಮೂಸಲ್ಲ!"

ಆ ಹುಡುಗಿಗೆ ಏನು ಗೊತ್ತು? ಮಾತು ತೊದಲುತ್ತಿದೆ, ಮೆದುಳಿಗೆ ಏನೋ ಆಗಿದೆ ಅಂತ ಓಡಿದಳು. ಆಂಬುಲೆನ್ಸ್ ಬಂತು. ಸಿಟ್ಟು ಬಂದರೆ ಸಿಸ್ಟರಮ್ಮನಿಗೆ ಇಂಗ್ಲಿಷ್ ಬರುವುದಿಲ್ಲ ಅಂತ ಹಲಸೂರಿಗೆಲ್ಲ ಗೊತ್ತಿತ್ತು, ಐರ್ಲೆಂಡಿಗೆ ಗೊತ್ತಿರಲಿಲ್ಲ. "ಬಿಡ್ರೋ ನನ್ನ, ಏನೂ ಆಗಿಲ್ಲ ಕಣ್ರೋ" ಅಂತ ಇವರು ಕೂಗಿದಷ್ಟೂ ಅವರು ಗಾಡಿ ಜೋರಾಗಿ ಓಡಿಸಿದರಂತೆ.

ಆಸ್ಪತ್ರೆಯಲ್ಲಿ ತಲೆಯ ಫೋಟೋ ತೆಗೆದರು, ಎಲ್ಲ ಸರಿಯಾಗಿದೆ. ಮತ್ತೆ ಈ ಭಾಷೆ ಯಾವುದು? ದೊಡ್ಡ ಡಾಕ್ಟರು ತಲೆ ಕೆರೆದುಕೊಂಡು ನಿಂತಿದ್ದಾಗ ದಾವಣಗೆರೆ ಕಡೆಯ ಒಬ್ಬ ಲೇಡಿ ಡಾಕ್ಟರು ಆ ದಾರಿಯಲ್ಲಿ ಬಂದಳಂತೆ. ಬಾಗಿಲಲ್ಲೇ ನಿಂತು ಕೇಳಿದಳು. ಆಮೇಲೆ ಗೋಡೆ ಹಿಡಿದುಕೊಂಡು ನಕ್ಕಳು.

"ಎಲ್ಲಿ ನೋವಂತೆ?" ಅಂದರು ದೊಡ್ಡ ಡಾಕ್ಟರು.

"ನೋವೇನೂ ಇಲ್ಲ ಸಾರ್. ನಿಮ್ಮ ಕಾಫಿ ಚೆನ್ನಾಗಿಲ್ಲವಂತೆ."

ಆದರೂ ನಿಯಮ ನಿಯಮವೇ. ಬುದ್ಧಿ ನೆಟ್ಟಗಿದೆಯಾ ಅಂತ ನಾಲ್ಕು ಪ್ರಶ್ನೆ ಕೇಳಬೇಕು. ಆ ಡಾಕ್ಟರಮ್ಮ ಪಕ್ಕದಲ್ಲಿ ಕೂತು ಕೈ ಹಿಡಿದು ಕೇಳಿದಳು. "ಅಮ್ಮಾ, ನಿಮ್ಮೂರು ಯಾವುದು?"

"ಹಲಸೂರು ಕಣಮ್ಮಾ. ಇನ್ಯಾವುದು?"

ದೊಡ್ಡ ಡಾಕ್ಟರು ಫೈಲ್ ತಿರುವಿ ನೋಡಿ ತಲೆಯಾಡಿಸಿದರಂತೆ. "ಹುಟ್ಟಿದ್ದು ಇದೇ ಊರು ಅಂತಿದೆ. ಉತ್ತರ ತಪ್ಪು."

"ಇಲ್ಲ ಸಾರ್" ಅಂದಳಂತೆ ಡಾಕ್ಟರಮ್ಮ, "ಉತ್ತರ ಸರಿಯಾಗೇ ಇದೆ. ನಿಮ್ಮ ಫೈಲೇ ತಪ್ಪು."