ಊರಿಗೊಂದು ಸ್ವಂತ ಕರೆಂಟು

ನಮ್ಮ ಭಾವನಿಗೆ ತಲೆ ಕೆಟ್ಟಿದೆ ಎಂದು ನಾನು ಹೇಳುವುದಿಲ್ಲ. ಅಕ್ಕ ಹೇಳುತ್ತಾಳೆ, ನಾನು ತಲೆಯಾಡಿಸುತ್ತೇನೆ, ಅಷ್ಟೇ! ನೀವೇ ಹೇಳಿ, ಹೆಂಡತಿಯ ಅಂಗಡಿಗೆ ಕರೆಂಟ್ ಸಿಗದಿದ್ದರೆ ಸಾಮಾನ್ಯ ಗಂಡ ಏನು ಮಾಡುತ್ತಾನೆ? ಕಂಪನಿಗೆ ಫೋನ್ ಮಾಡಿ ಕೂಗಾಡುತ್ತಾನೆ. ಭಾವ ಹಾಗಲ್ಲ. ಊರೇ ಒಂದು ಸ್ವಂತ ವಿದ್ಯುತ್ ಕಂಪನಿ ಕಟ್ಟಬೇಕೆಂದು ಹೊರಟರು. ಯಾವ ಊರು ಅಂತೀರಾ? ಡಚ್ಚರ ದೇಶದಲ್ಲಿ, ರೈಸ್‌ವೈಕ್ ಪಟ್ಟಣದಿಂದ ಸ್ವಲ್ಪ ಆಚೆಗಿರುವ, ಬಾತುಕೋಳಿಗಳೇ ಬಹುಸಂಖ್ಯಾತರಾದ ಊರು!

ಆದದ್ದಿಷ್ಟು. ಅಕ್ಕ ಒಂದು ಮೂಲೆ ಅಂಗಡಿ ಹಿಡಿದು ಇಡ್ಲಿ, ದೋಸೆ ಮಾಡಿ ಮಾರಬೇಕೆಂದಿದ್ದಳು. ಕಟ್ಟಡಕ್ಕೆ ಗ್ಯಾಸ್ ಇಲ್ಲ, ಎಲ್ಲವೂ ಕರೆಂಟಿನಲ್ಲೇ ಆಗಬೇಕು. ಗ್ರೈಂಡರು, ಸ್ಟೀಮರು, ಎರಡು ಕಾವಲಿ ಒಟ್ಟಿಗೆ ನಡೆಯಬೇಕಾದರೆ ದೊಡ್ಡ ಕನೆಕ್ಷನ್ ಬೇಕು. ಅರ್ಜಿಗೆ ಉತ್ತರ ಬಂತು: ಈ ಭಾಗದ ವಿದ್ಯುತ್ ಜಾಲ ಭರ್ತಿಯಾಗಿದೆ, ಕೆಲವು ವರ್ಷ ಕಾಯಿರಿ.

“ಭರ್ತಿಯಾಗೋಕೆ ಅದೇನು ಮೆಜೆಸ್ಟಿಕ್ ಬಸ್ಸಾ?” ಎಂದರು ಭಾವ.

“ರೀ, ಇಲ್ಲಿ ಎಷ್ಟೋ ಜನಕ್ಕೆ ಹಿಂಗೇ ಆಗ್ತಿದೆ. ಕಾಯೋಣ ಬಿಡಿ,” ಎಂದಳು ಅಕ್ಕ.

“ಕಾಯೋದಾ? ನಾವು ಶಿವನಸಮುದ್ರದ ಕಡೆಯೋರು ಕಣೇ! ಕರೆಂಟ್ ನಮ್ ರಕ್ತದಲ್ಲೇ ಇದೆ!”

ರಕ್ತದಲ್ಲಿರುವ ಕರೆಂಟಿಗೆ ಸ್ಟೀಮರ್ ಜೋಡಿಸಲು ಆಗುವುದಿಲ್ಲವಲ್ಲ! ಹಾಗಾಗಿ ಭಾವ ಕಾನೂನು ಓದತೊಡಗಿದರು. ಅದೂ ಡಚ್ ಭಾಷೆಯಲ್ಲಿ! ಬೇಕರಿಯಲ್ಲಿ ‘ಕತ್ತರಿಸಿ ಕೊಡಿ’ ಎನ್ನಲು ಬಾರದೆ ಏಳು ವರ್ಷ ಇಡೀ ಬ್ರೆಡ್ಡನ್ನೇ ಮನೆಗೆ ಹೊತ್ತು ತಂದ ಮನುಷ್ಯ, ಈಗ ವಿದ್ಯುತ್ ಕಾಯ್ದೆಯ ಕಲಂಗಳನ್ನು ಸಹಸ್ರನಾಮದಂತೆ ಒಪ್ಪಿಸುತ್ತಿದ್ದರು. ಅದೇ ದೇಶದ ಡೀಮೆನ್ ಊರಿನಲ್ಲಿರುವ ನನಗೂ ಫೋನ್ ಬಂತು.

“ವಿಷಯ ಗೊತ್ತಾ? ಹಿಂದೆ ಈ ಊರಿಗೆ ಸ್ವಂತ ವಿದ್ಯುತ್ ಕೇಂದ್ರ ಇತ್ತಂತೆ! ಊರೇ ಕಟ್ಟಿದ್ದು, ಊರೇ ನಡೆಸಿದ್ದು!”

“ಈಗೇನಾಗಿದೆ ಭಾವ?”

“ಜಿಮ್ ಆಗಿದೆ.”

ಆ ಭಾನುವಾರ ನನ್ನನ್ನೂ ಕರೆದುಕೊಂಡು ಹೋಗಿ, ಜಿಮ್ಮಿನ ಬಾಗಿಲಲ್ಲಿ ಶೂ ಕಳಚಿ ಕೈಮುಗಿದರು. ಒಳಗೆ ಓಡುತ್ತಿದ್ದವರು ಓಟ ನಿಲ್ಲಿಸಿ ನೋಡಿದರು. ನಾನು ಬೇರೆ ಯಾರದೋ ನಾದಿನಿ ಎಂಬಂತೆ ಆಚೆ ತಿರುಗಿ ನಿಂತೆ.

ಆಮೇಲೆ ನಗರಸಭೆಗೆ ಅರ್ಜಿ, ಮೂರು ಪ್ರತಿಗಳಲ್ಲಿ. “ನಿಮಗೆ ಇಮೇಲ್ ಬರುತ್ತೆ ಸರ್,” ಎಂದಳು ಕೌಂಟರಿನಾಕೆ. ಭಾವ ಕದಲಲಿಲ್ಲ. “ಇಮೇಲ್ ಬೇಡ ಮೇಡಂ, ತಗೊಂಡಿದ್ದಕ್ಕೆ ಸೀಲ್ ಹಾಕಿ ಕೊಡಿ.” ತಾಲ್ಲೂಕು ಆಫೀಸಿನಲ್ಲಿ ಪಳಗಿದ ಜೀವ, ಸೀಲ್ ಬೀಳದ ಕಾಗದ ಅವರ ಪಾಲಿಗೆ ಬಜ್ಜಿ ಕಟ್ಟುವುದಕ್ಕಷ್ಟೇ ಲಾಯಕ್ಕು. ಆಕೆ ಡ್ರಾಯರನ್ನೆಲ್ಲ ಜಾಲಾಡಿದಳು. ಸಿಕ್ಕಿದ್ದು ಒಂದೇ, ಪಾಸ್‌ಪೋರ್ಟಿಗೆ ಬಂದು ಅಳುವ ಮಕ್ಕಳ ಕೈಮೇಲೆ ಒತ್ತುವ ನಗುವ ಕಪ್ಪೆಯ ಮುದ್ರೆ! ಭಾವ ಕಪ್ಪೆ ಬಿದ್ದ ಆ ಪ್ರತಿಯನ್ನೇ ಪ್ಲಾಸ್ಟಿಕ್ ಕವರಿನಲ್ಲಿಟ್ಟು ಫೈಲಿಗೆ ಸೇರಿಸಿದರು. “ನೋಡು, ಸರ್ಕಾರ ಸ್ವೀಕರಿಸಿದೆ!”

ಕೊನೆಗೆ ನಗರಸಭೆಯ ಸಮಿತಿಯ ಸಭೆ ಬಂತು. ಇಲ್ಲಿ ಯಾವ ನಿವಾಸಿಯಾದರೂ ಮೊದಲೇ ಹೆಸರು ಕೊಟ್ಟು ಐದು ನಿಮಿಷ ಮಾತಾಡಬಹುದು. ಅಕ್ಕ ಮತ್ತು ನಾನು ಹಿಂದಿನ ಸಾಲಿನಲ್ಲಿ ಕುಳಿತೆವು. ಐದು ನಿಮಿಷಕ್ಕೆ ಭಾವ ತಂದಿದ್ದು ಹದಿನಾಲ್ಕು ಪುಟ! ಮೂರನೆಯ ಪುಟದಲ್ಲಿ ಅಧ್ಯಕ್ಷೆ ಮೆಲ್ಲಗೆ ತಡೆದು ವಿವರಿಸಿದರು: ಬೀದಿದೀಪ ನಮ್ಮದು, ರಸ್ತೆ ನಮ್ಮದು, ಮರಗಳೂ ನಮ್ಮವೇ. ಆದರೆ ವಿದ್ಯುತ್ ಜಾಲ ನಡೆಸುವುದು ಕಾನೂನಿನಂತೆ ಅದಕ್ಕೆಂದೇ ನೇಮಕವಾದ ಸಂಸ್ಥೆಯ ಕೆಲಸ. “ಊರಿಗೆ ಆ ಅಧಿಕಾರವಿಲ್ಲ. ನಿಮಗೆ ಇನ್ನೊಂದು ನಿಮಿಷ ಇದೆ. ಬೇರೇನಾದರೂ ಹೇಳುವುದಿದೆಯೇ?”

ಭಾವ ಕಾಗದ ಮಡಿಚಿಟ್ಟು, ಒಡಕು ಡಚ್‌ನಲ್ಲಿ ಹೇಳಿದರು: “ಏಳು ವರ್ಷದಿಂದ ಈ ದೇಶದ ಕಾಗದಗಳಲ್ಲಿ ಇವಳು ನನ್ನ ಹೆಂಡತಿ ಅಂತ ಮಾತ್ರ ಇದ್ದಾಳೆ. ನನ್ನ ಕೆಲಸ ಹೋದರೆ ಇವಳೂ ಹೊರಡಬೇಕು. ಅಂಗಡಿಯ ಕರಾರಿಗೂ ನನ್ನ ಸಹಿಯನ್ನೇ ಕೇಳಿದರು. ಒಂದು ಮೀಟರಾದರೂ ಇವಳ ಹೆಸರಲ್ಲಿರಲಿ ಅಂತ ಆಸೆಪಟ್ಟೆ. ಇವಳ ಇಡ್ಲಿ ತುಂಬಾ ಮೆತ್ತಗಿರುತ್ತೆ.”

ಯಾರೂ ನಗಲಿಲ್ಲ. ಡಚ್ ಭಾಷೆಯನ್ನು ಭಾವನಿಗಿಂತ ಚೆನ್ನಾಗಿ ಬಲ್ಲ ಅಕ್ಕ ಕೋಟಿನ ತೋಳಿನಲ್ಲೇ ಕಣ್ಣೊರೆಸಿಕೊಂಡಳು. ಹೊರಗೆ ಬಂದದ್ದೇ ತಡ, ಶುರುವಾಯಿತು.

“ಇಡ್ಲಿ ಮೆತ್ತಗಿದೆ ಅಂತ ನಂಗೊಂದ್ ದಿನ ಹೇಳಿದ್ದೀರಾ? ಊರಿಗೆಲ್ಲ ಹೇಳೋಕೆ ಹೋದ್ರಿ!”

“ನೀನು ಕೇಳಿರ್ಲಿಲ್ಲ.”

“ಕೇಳಿ ಹೇಳಿಸ್ಕೋಬೇಕಾ?”

ಭಾವ ಫೈಲು ತೆರೆದು, ಇದಕ್ಕೂ ಒಂದು ಕಲಂ ಹುಡುಕುವವರಂತೆ ಪುಟ ತಿರುವಿದರು.

ಮಾರನೆಯ ದಿನ ಅಕ್ಕ, ಇರುವ ಚಿಕ್ಕ ಕನೆಕ್ಷನ್ನೇ ಸಾಕು, ಒಂದೊಂದೇ ಒಬ್ಬೆ ಬೇಯಿಸುತ್ತೇನೆ ಎಂದುಬಿಟ್ಟಳು. ಭಾವ ಲ್ಯಾಪ್‌ಟಾಪಿನಲ್ಲಿ ಆ ಕನೆಕ್ಷನ್ನಿನ ಫಾರ್ಮ್ ತುಂಬತೊಡಗಿದರು. ಅಂಗಡಿಯ ವಿಳಾಸ ಬರೆದರು. ಗ್ರಾಹಕರ ಹೆಸರು ಎಂಬಲ್ಲಿಗೆ ಬಂದಾಗ ಕೈ ತೆಗೆದು, ಲ್ಯಾಪ್‌ಟಾಪನ್ನು ಅಕ್ಕನ ಕಡೆ ತಿರುಗಿಸಿದರು. ಅಕ್ಕ ಒಂದೊಂದೇ ಅಕ್ಷರ ಒತ್ತಿದಳು. ಅಷ್ಟು ವರ್ಷ ಭಾವನನ್ನು ಗೇಲಿ ಮಾಡಿದ ನನಗೆ ಅವರ ಮುಖ ನೋಡಲಾಗಲಿಲ್ಲ.

“ನಿಧಾನ ಕಣೇ, ಸರಿಯಾಗಿ ನೋಡ್ಕೊಂಡು ಒತ್ತು,” ಎಂದರು ಭಾವ. “ನಿನ್ ಹೆಸ್ರು ಅದು.”