ಊನಿನ ಬಟ್ಟೆ

ತಪ್ಪೆಲ್ಲ ಚಹಾಪುಡಿಯದು. ಆ ಪೊಟ್ಟಣದೊಳಗಿನ ಕೂಪನ್ನಿಗೆ ಬಹುಮಾನ ಬಂದು, ನಾಗಪುರದ ಮನೀಶ್ ನಗರದಲ್ಲಿ ಬೇಯುತ್ತಿದ್ದ ರೈಲ್ವೆ ಗುಮಾಸ್ತ ಹಯವದನರು ಉತ್ತರ ಧ್ರುವದ ಕಡೆ ಹೆಪ್ಪುಗಟ್ಟಿದ ಸಮುದ್ರದ ಮೇಲೆ ನಡೆಯಲು ಹೊರಟಿದ್ದರು. ಅರ್ಧ ನೌಕರಿ ಝಾನ್ಸಿಯಲ್ಲಿ, ಉಳಿದರ್ಧ ಇಲ್ಲಿ ಬೆವರು ಸುರಿಸಿ ದಣಿದ ಅವರಿಗಿದ್ದದ್ದು ಒಂದೇ ಆಸೆ. ಸಾಯುವ ಮೊದಲು ಒಮ್ಮೆ ಹಲ್ಲು ಕಟಕಟ ಎನ್ನುವಂತೆ ನಡುಗಬೇಕು.

ಪ್ರವಾಸದ ಮಾರ್ಗದರ್ಶಿ ಗಗನ್ ಫೋನಿನಲ್ಲಿ ಖಡಾಖಂಡಿತವಾಗಿ ಹೇಳಿದ್ದ: ಮೈಗೆ ತಾಗುವ ಬಟ್ಟೆ ಉಣ್ಣೆಯದೇ ಇರಬೇಕು, ಸರಿಯಾದ ಉಡುಪಿಲ್ಲದವರು ಹಡಗಿನಲ್ಲೇ ಕೂತು ಕಿಟಕಿಯಿಂದ ಹಿಮ ನೋಡಬೇಕು. ವಿಮಾನ ನಾಳೆ ಬೆಳಿಗ್ಗೆ. ಮೇ ತಿಂಗಳಲ್ಲಿ ಸ್ವೆಟರ್ ಕೇಳಿದರೆ ಅಂಗಡಿಯವರು ಕುಡಿಯಲು ನೀರು ಕೊಟ್ಟು ಕೂರಿಸುತ್ತಿದ್ದರು. ಹಯವದನರು ತಮ್ಮ ಝಾನ್ಸಿಯ ಹಿಂದಿಯಲ್ಲಿ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿಗೆ ಬರೆದರು: ‘ಊನ್ ಕೆ ಕಪಡೆ ಚಾಹಿಯೇ,’ ಉಣ್ಣೆಯ ಬಟ್ಟೆ ಬೇಕು ಎಂದು.

ನೆರೆಹೊರೆಯವರು ಒಳ್ಳೆಯವರು, ತಾಪತ್ರಯವೇ ಅದು. ಎದುರುಮನೆಯ ಹಿರಿಯಾಕೆ ಗಾವಂಡೆ ಕಾಕು ಬಿಳಿ ದುಪಟ್ಟಾ ತಂದು, ಬೇಡವೆಂದರೂ ಬಿಡದೆ ಅವರ ತಲೆ ಮೂಗಿಗೆಲ್ಲ ಸುತ್ತಿದರು. ಮೇಲಿನ ಮನೆಯಿಂದ ಕಪ್ಪು ಕನ್ನಡಕ ಬಂತು, ಕೆಳಗಿನಿಂದ ಅಗಲ ಟೋಪಿ, ಬಿಸಿಗಾಳಿ ಬಡಿಯದಂತೆ ಜೇಬಿನಲ್ಲಿಡಲು ಈರುಳ್ಳಿ.

ಹೆಂಡತಿ ಶೈಲಜಾ ಇದನ್ನೆಲ್ಲ ನೋಡಿ ತಲೆಗೆ ಕೈ ಹಚ್ಚಿದಳು. “ರೀ, ಮರಾಠಿಯೊಳಗ ಊನ್ ಅಂದ್ರ ಬಿಸಲು. ನೀವು ಊರ ಮಂದಿಗೆಲ್ಲ ಬಿಸಲಿನ ಬಟ್ಟಿ ಕೇಳೀರಿ.”

“ನಾ ಉಣ್ಣಿ ಕೇಳೀನಿ.”

“ಅದು ಹಿಂದಿಯೊಳಗ. ಕನ್ನಡದ ಊನ ಎಲ್ಲೈತಿ ಅಂತ ನಾ ಹೇಳಂಗಿಲ್ಲ,” ಎಂದು ಅವರ ತಲೆಯ ಕಡೆ ನೋಡಿದಳು.

ಕೊಟ್ಟದ್ದನ್ನು ಹಿಂದಿರುಗಿಸುವುದು ಕೇಳುವುದಕ್ಕಿಂತ ಕಷ್ಟ. ಕಾಕು ಮುಖ ಊದಿಸಿಕೊಂಡರು, ಸಮಾಧಾನಪಡಿಸಲು ಎರಡು ಲೋಟ ಮಾವಿನಕಾಯಿ ಪಾನಕ ಕುಡಿಯಬೇಕಾಯಿತು. ನಮ್ಮ ಊನ್ ಎಂದರೆ ಉಣ್ಣೆ, ಬಿಸಿಲಲ್ಲ ಎಂದು ಮನೆಮನೆಯಲ್ಲೂ ಪಾಠ ಹೇಳಿ ಹಯವದನರ ಗಂಟಲು ಒಣಗಿತು.

ಆಮೇಲೆ ಬೀರುಗಳು ತೆರೆದುಕೊಂಡವು. ನುಸಿಗುಳಿಗೆ ನಾತದ ಸ್ವೆಟರುಗಳು, ಮಫ್ಲರುಗಳು, ಮಂಕಿಕ್ಯಾಪುಗಳು ಬಂದವು. ಅಳತೆ ನೋಡದೆ ಯಾರೂ ಜಾಗ ಬಿಟ್ಟು ಕದಲಲಿಲ್ಲ. ಕರೆಂಟು ಹೋಗಿ ಕೂಲರ್ ನಿಂತಿತ್ತು. ಸ್ವೆಟರಿನ ಮೇಲೆ ಸ್ವೆಟರ್ ಹಾಕಿಸಿಕೊಂಡು ಹಯವದನರು ಕುಕ್ಕರಿನಲ್ಲಿಟ್ಟ ಆಲೂಗಡ್ಡೆಯಂತೆ ಬೆಂದರು. ಶೈಲಜಾ ಬ್ಯಾಗಿನ ಮೇಲೆ ಕೂತ ಮೇಲೆಯೇ ಜಿಪ್ ಬಿದ್ದದ್ದು. ಹಯವದನರೂ ಅದರ ಪಕ್ಕದಲ್ಲೇ ನೆಲಕ್ಕೆ ಒರಗಿದರು. ಇನ್ನು ಬೆರಳೆತ್ತಲೂ ಆಗದಷ್ಟು ಸಾಕಾಗಿತ್ತು.

ಸಂಜೆ ಗಗನನ ಫೋನ್ ಬಂತು.

“ಸರ್, ಒಂದು ಮಾತು ಮರೆತಿದ್ದೆ. ಅಲ್ಲೀಗ ಸೂರ್ಯ ಮುಳುಗೋದೇ ಇಲ್ಲ. ಹಿಮದ ಮೇಲಿನ ಬಿಸಿಲು ಕಣ್ಣು, ಮುಖ ಎಲ್ಲ ಸುಟ್ಟುಬಿಡುತ್ತೆ. ಕಪ್ಪು ಕನ್ನಡಕ, ಮುಖಕ್ಕೆ ಸುತ್ತೋ ಬಟ್ಟೆ ಇಲ್ಲದೆ ಹಿಮಕ್ಕೆ ಇಳಿಸಲ್ಲ. ಉಣ್ಣೆ ಬಟ್ಟೆ ತರಬೇಡಿ, ಈ ಸಲ ಕಂಪನಿಯೇ ಕೊಡ್ತಿದೆ.”

ಹಯವದನರು ಗೋಡೆ ಹಿಡಿದು ಎದ್ದರು. ನಾಚಿಕೆ ಬಿಟ್ಟು ಎದುರುಮನೆಯ ಬಾಗಿಲು ತಟ್ಟಿದರು. ಈ ಸಲ ತಪ್ಪಬಾರದೆಂದು ಬಿಸಿಲು ಎನ್ನುವ ಮರಾಠಿಯ ಅರ್ಥದಲ್ಲೇ ನಿಧಾನವಾಗಿ, ಬಿಡಿಸಿ ಬಿಡಿಸಿ ಹೇಳಿದರು: “ಕಾಕು, ಊನ್... ಊನ್ ಕೆ ಕಪಡೆ.”

ಕಾಕುವಿನ ಮುಖ ಅರಳಿತು. ಬೆಳಿಗ್ಗೆ ಆದ ತಪ್ಪು ಅವರ ಮನಸ್ಸನ್ನು ದಿನವಿಡೀ ಕೊರೆದಿತ್ತು.

“ಆತಾ ಬರೋಬರ್ ಸಮಜಲಂ, ಭಾವೂ,” ಈಗ ಸರಿಯಾಗಿ ತಿಳಿಯಿತು ಅಣ್ಣಾ ಎನ್ನುತ್ತಾ ಒಳಗೆ ಹೋಗಿ, ದಪ್ಪನೆಯ ಕಂಬಳಿಕೋಟು ತಂದು ಅವರ ಹೆಗಲಿಗೆ ಹೊದಿಸಿದರು. ಆಮೇಲೆ ಮೆಟ್ಟಿಲ ಬಳಿ ನಿಂತು, ಭಾವೂಗೆ ಊನ್ ಇನ್ನೂ ಸಾಲದಂತೆ ಎಂದು ಇಡೀ ಕಟ್ಟಡಕ್ಕೆ ಕೇಳುವಂತೆ ಕೂಗಿದರು.

ಮೇಲೆ ಕೆಳಗೆ ಬಾಗಿಲುಗಳು ತೆರೆದ ಸದ್ದಾಯಿತು. ಒಬ್ಬೊಬ್ಬರ ಕೈಯಲ್ಲೂ ಒಂದೊಂದು ಸ್ವೆಟರ್.

ನಾಗಪುರದ ಆ ಸೆಕೆಯಲ್ಲಿ ಹಯವದನರು ಹಲ್ಲು ಕಟಕಟ ಎನ್ನುವಂತೆ ನಡುಗಿದರು.